ಠೇವಣಿ ರಸೀದಿ

ಕೌಂಟರ್ ಆರರ ಗಾಜಿನಲ್ಲಿ ಅಂಗೈಯಗಲ ತೂತು.
ಅದಕ್ಕೆ ಬಾಯಿ ತಂದು ಬಗ್ಗಿ ನಿಂತಿದ್ದಾಳೆ
ಮಿಸ್ರಿಯಾ, ಉಪ್ಪಿನಂಗಡಿಯ ಇದ್ದಿನಬ್ಬರ ಮಗಳು.
ಹೆಸರು ಓದಿ ಹಿಂದಿನ ಕುರ್ಚಿಯ ಹಾಝಿಮ್ ಸಾಹೇಬರು ನಕ್ಕರು,
"ಮಿಸ್ರಿಯಾ ಅಂದರೆ ಈಜಿಪ್ಟಿನವಳು. ನಮ್ಮೂರಿನವಳೋ?"
ಹೆಸರು ಅವರೂರಿನದು, ಪಾಸ್‌ಪೋರ್ಟು ನಮ್ಮೂರಿನದು,
ಹುಟ್ಟಿದ್ದು ಮಾತ್ರ ಇಲ್ಲೇ ಶಾರ್ಜಾದಲ್ಲಿ,
ಈ ಗೇಟಿನಿಂದ ಎರಡು ಸಿಗ್ನಲ್ ಆಚೆಯ ಆಸ್ಪತ್ರೆಯಲ್ಲಿ.

ನಿನ್ನೆಯವರೆಗೆ ಹಸಿರು ಕಟ್ಟಿನಲ್ಲಿದ್ದ ಫೈಲು
ಇಂದಿನಿಂದ ನೀಲಿ ಕಟ್ಟಿಗೆ: ಅಂತಾರಾಷ್ಟ್ರೀಯ ವಿದ್ಯಾರ್ಥಿನಿ.
ಆ ಎರಡು ಸಿಗ್ನಲ್ಲಿನ ನಡುವೆ
ಎಲ್ಲಿ ಬಿತ್ತು ರಾಷ್ಟ್ರಗಳ ಗೆರೆ,
ದಾಟುವಾಗ ಕೆಂಪಿತ್ತೋ ಹಸಿರಿತ್ತೋ,
ನನಗೆ ಕೇಳಲು ಕಾಲಮ್ಮಿಲ್ಲ.

ಹತ್ತೊಂಬತ್ತು ವರ್ಷ ಅಪ್ಪನ ವೀಸಾದ ನೆರಳು.
ರೋಲಾದ ಕೆಫೆಟೇರಿಯಾ ಕೈ ಬದಲಾಯಿತು,
ಇದ್ದಿನಬ್ಬರು ಮೊನ್ನೆ ಮಂಗಳೂರಿನ ವಿಮಾನ ಹತ್ತಿದರು
ಚಾ ಸೋಸುವ ಬಟ್ಟೆಯೊಂದನ್ನು ಕೈಚೀಲದಲ್ಲಿಟ್ಟು.
(ರೋಲಾ ಅಂದರೆ ಆಲದ ಮರವಂತೆ.
ಬೀಜವೋ ಸಸಿಯೋ ಕಡಲಾಚೆಯಿಂದ ಬಂದದ್ದಂತೆ.
ಮರ ಸತ್ತು ಎಷ್ಟೋ ವರ್ಷವಾಯಿತು.
ಬಸ್ಸಿನವರು ಇಂದಿಗೂ ಆ ಹೆಸರನ್ನೇ ಕೂಗುತ್ತಾರೆ.)

ಪ್ರಾಯೋಜಕರ ಜಾಗದಲ್ಲಿ ಅಪ್ಪನನ್ನು ಅಳಿಸಿದೆ.
ಬ್ಯಾಕ್‌ಸ್ಪೇಸ್, ಒಂದೊಂದೇ ಅಕ್ಷರ.
ವಿಶ್ವವಿದ್ಯಾಲಯವನ್ನು ತುಂಬಿದೆ.
ಹೊಸ ಅಪ್ಪನಿಗೆ ಗುಮ್ಮಟವಿದೆ, ಕಾರಂಜಿಯಿದೆ,
ಜ್ವರ ಬಂದರೆ ವಿಮೆಯ ನಂಬರಿದೆ,
ಹಾಜರಿ ಕಡಿಮೆಯಾದರೆ
ಮಗಳೇ ಅಲ್ಲ ಎನ್ನುವ ಕಲಮೂ ಇದೆ.
ನನ್ನ ವೀಸಾದ ಮೇಲೂ ಅದೇ ಗುಮ್ಮಟದ ಹೆಸರು.
ಕಾನೂನಿನ ಲೆಕ್ಕಕ್ಕೆ ನಾವು ಅಕ್ಕತಂಗಿಯರು.

ಫೆಬ್ರವರಿಯ 'ಜಗತ್ತಿನ ದಿನ'ಕ್ಕೆ ಇವಳನ್ನೇ ನಿಲ್ಲಿಸಿದ್ದೆವು
ಭಾರತದ ಮಳಿಗೆಯಲ್ಲಿ, ಯಾರದೋ ಸೀರೆಗೆ ಹದಿನಾಲ್ಕು ಪಿನ್ನು ಚುಚ್ಚಿ.
ದೂತಾವಾಸದಿಂದ ಬಂದವರು ಲಾಡು ಮುರಿಯುತ್ತ ಹೇಳಿದರು,
"ನೀವೇ ನಮ್ಮ ನಿಜವಾದ ರಾಯಭಾರಿಗಳು."
ಮಾರ್ಚಿನಲ್ಲಿ ಆ ರಾಯಭಾರಿ
ಅಂಕಪಟ್ಟಿಗೊಂದು ಮುದ್ರೆ ಬೇಕಾಗಿ
ಅದೇ ದೂತಾವಾಸದ ಬೆಂಚಿನ ತುದಿಯಲ್ಲಿ ಕೂತಿದ್ದಳು,
ಟೋಕನ್ ಎಂಬತ್ತನಾಲ್ಕು, ಊಟದ ವಿರಾಮ.

ಕಳೆದ ಸೋಮವಾರದ ಸಭೆಯಲ್ಲೂ ಕಂಡೆ ಇವಳನ್ನು,
ಪರದೆಯ ಮೇಲೆ, ಕಿತ್ತಳೆ ಬಣ್ಣದ ಒಂದು ಹೋಳಿನಲ್ಲಿ
ಏಳುನೂರ ಹನ್ನೆರಡು ಮಂದಿಯೊಡನೆ ಅಂಟಿಕೊಂಡು.
ಹಣಕಾಸಿನವರು ಖರ್ಜೂರದ ಬೀಜ ಟಿಶ್ಯೂವಿಗೆ ಉಗುಳಿದರು:
ಈ ಹೋಳು ತೆಳ್ಳಗಾದರೆ ಹೊಸ ಲ್ಯಾಬಿಗೆ ಛಾವಣಿಯಿಲ್ಲ.
ಹಾಗಾದರೆ ಸ್ವಾಗತದ ಬ್ಯಾನರು ಇನ್ನೂ ದೊಡ್ಡದಿರಲಿ ಅಂದರು ಮತ್ತೊಬ್ಬರು,
ಫೀಸು ಶೇಕಡ ಆರು ಏರಲಿ ಎಂದೂ ಅವರೇ ಅಂದರು.
ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ
ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಬಾಯಿ ತೆರೆದವಳು
ಮಿನಿಟ್ಸ್ ಬರೆಯುವವಳು ನಾನೇ ಎಂದು ನೆನಪಾಗಿ
ನೀರು ಕುಡಿದೆ.

"ಮೇಡಂ, ಈ ಮೂರು ಸಾವಿರ ದಿರ್ಹಮ್ ಯಾವುದು?"
ಅಪ್ಪನಿಂದ ಕಲಿತ ಕನ್ನಡ, ಅಂಚಿನಲ್ಲಿ ಬ್ಯಾರಿಯ ರಾಗ.
ಠೇವಣಿ ಅಂದೆ.
"ವಾಪಸ್ ಕೊಡ್ತೀರಾ?"
ಕೊಡ್ತೇವೆ. ವೀಸಾ ರದ್ದು ಮಾಡಿಸಿ, ದೇಶ ಬಿಟ್ಟ ಮೇಲೆ.
"ಯಾವ ದೇಶ?"

ಹಿಂದೆ ಹಾಝಿಮ್ ಸಾಹೇಬರ ಪ್ರಿಂಟರ್ ಬೇರೆ ಯಾರದೋ ಪುಟ ಎಳೆಯುತ್ತಿತ್ತು.
ಇದು, ಅಂದೆ.

ಅವಳು ದುಡ್ಡು ಎಣಿಸಿಟ್ಟಳು. ಹತ್ತರ, ಇಪ್ಪತ್ತರ ನೋಟುಗಳೇ ಹೆಚ್ಚು.
ಮುದ್ರೆ ಒತ್ತಿ ತೂತಿನಿಂದ ರಸೀದಿ ಸರಿಸಿದೆ,
ಜೋಪಾನ, ಇದಿಲ್ಲದೆ ಹಣ ಸಿಗುವುದಿಲ್ಲ, ಅಂದೆ.
ಓದಿದಳು, ಎರಡು ಬೆರಳಲ್ಲಿ ಹಿಂದಕ್ಕೆ ತಳ್ಳಿದಳು:
"ನಿಮ್ಮ ಹತ್ರವೇ ಇರಲಿ ಮೇಡಂ. ನನಗೆ ಕ್ಲಾಸಿದೆ."

ಇದೆ ಇನ್ನೂ ನನ್ನ ಡ್ರಾಯರಿನಲ್ಲಿ,
ಉಪ್ಪಿನಕಾಯಿ ಡಬ್ಬಿಯ ಅಡಿಯಲ್ಲಿ.
ಎಣ್ಣೆ ಹತ್ತಿ ಒಂದು ಮೂಲೆ ಪಾರದರ್ಶಕವಾಗಿದೆ,
ದಿನಾಂಕ ಆಚೆಯಿಂದಲೂ ಓದಬಹುದು.